ಗಾಳಿ ಬೋರ್ಡಿಗೆ ಬೇಕು, ಡಬ್ಬಿಗೆ ಬೇಡ



ನಿಮ್ಮ ಊರಿನ ಅಂಗಡಿ ಬೀದಿಯಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಫ್ಲೆಕ್ಸ್ ಬೋರ್ಡುಗಳ ನಡುವೆ, ಕೈಯಿಂದ ಬರೆದ ಒಂದೆರಡು ತಗಡಿನ ನಾಮಫಲಕಗಳು ಇಂದಿಗೂ ಕಾಣಸಿಗಬಹುದು. ಆ ಅಕ್ಷರಗಳ ಹೊಳಪು ಎನಾಮೆಲ್ ಬಣ್ಣದ್ದು. ಈ ಬಣ್ಣವನ್ನು ಕಾಪಾಡುವುದು ಹೇಗೆ, ಹದ ಮಾಡುವುದು ಹೇಗೆ, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಇಂದು ನೋಡೋಣ.

1996ರ ಬೇಸಿಗೆ ರಜೆ. ತಿಪಟೂರಿನಲ್ಲಿ ನಮ್ಮ ಮನೆಯ ಹತ್ತಿರ ಬೋರ್ಡು ಬರೆಯುವವರೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ‘ಆರ್ಟಿಸ್ಟ್ ಅಣ್ಣ’ ಎಂದು ಕರೆಯುತ್ತಿದ್ದೆವು. ಬ್ರಷ್ ತೊಳೆದುಕೊಡುವ ಕೆಲಸ ನನ್ನದು. ಒಂದು ಸಂಜೆ ಬಟ್ಟಲಿನಲ್ಲಿ ಉಳಿದಿದ್ದ ತೆಳು ಬಣ್ಣವನ್ನು ಡಬ್ಬಿಗೇ ಸುರಿದು, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಮನೆಗೆ ಹೋದೆ. ಕೆಲವು ದಿನಗಳ ನಂತರ ಒಂದು ಹೋಟೆಲಿನ ಬೋರ್ಡಿಗೆ ಅದೇ ಕೆಂಪು ಬೇಕಾಯಿತು. ನೋಡಿದರೆ ಕೆನೆ ಕಟ್ಟಿತ್ತು. ನನ್ನ ತಪ್ಪು ಗೊತ್ತಾಗದಿರಲೆಂದು ಕಡ್ಡಿಯಿಂದ ಚೆನ್ನಾಗಿ ಕಲಕಿಬಿಟ್ಟೆ. ಬರೆದ ಅಕ್ಷರಗಳ ತುಂಬ ತರಿ! ಅಣ್ಣ ಇಡೀ ಸಾಲನ್ನು ಒರೆಸಿ, ತಮ್ಮ ದುಡ್ಡಿನಲ್ಲಿ ಹೊಸ ಡಬ್ಬಿ ತಂದು ಮತ್ತೆ ಬರೆದರು. ಅಂದಿನ ಕೂಲಿ ಅದಕ್ಕೇ ಹೋಯಿತು. ಅವರು ಬೈಯಲಿಲ್ಲ. “ಗಾಳಿ ಬೋರ್ಡಿಗೆ ಬೇಕು ಕಣೋ, ಡಬ್ಬಿಗೆ ಬೇಡ” ಎಂದಷ್ಟೇ ಹೇಳಿದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಿ.ಎಸ್‌ಸಿ. ತರಗತಿಯ ರಸಾಯನಶಾಸ್ತ್ರದ ಪಾಠದಲ್ಲಿ.

ಒದ್ದೆ ಬಟ್ಟೆ ಒಣಗುವುದಕ್ಕೂ ಎನಾಮೆಲ್ ಒಣಗುವುದಕ್ಕೂ ವ್ಯತ್ಯಾಸವಿದೆ. ಬಟ್ಟೆಯಿಂದ ನೀರು ಆವಿಯಾದರೆ ಮುಗಿಯಿತು. ಎನಾಮೆಲ್‌ನಲ್ಲಿ ಎರಡು ಹಂತಗಳಿವೆ. ಮೊದಲು ಟರ್ಪೆಂಟೈನ್‌ನಂಥ ದ್ರಾವಕ ಆವಿಯಾಗುತ್ತದೆ. ಅನಂತರ, ಉಳಿದ ಆಲ್ಕಿಡ್ ರಾಳ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಈ ರಾಳದಲ್ಲಿ ಸಸ್ಯತೈಲದ ಅಂಶವಿರುತ್ತದೆ. ಅದರ ದ್ವಿಬಂಧಗಳ ಬಳಿ ಆಮ್ಲಜನಕ ವರ್ತಿಸಿ ಒಂದು ಅಣುವನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಹೀಗೆ ಬಲೆಯಂತೆ ಹೆಣೆದುಕೊಂಡ ಪದರವೇ ಬಿಸಿಲು ಮಳೆಗಳನ್ನು ತಡೆದುಕೊಳ್ಳುತ್ತದೆ. ಒಮ್ಮೆ ಹೆಣೆದ ಬಲೆ ಟರ್ಪೆಂಟೈನ್‌ನಲ್ಲಿ ಮತ್ತೆ ಕರಗದು. ಡಬ್ಬಿಯೊಳಗಿನ ಕೆನೆಯೂ ಇದೇ ಬಲೆ. ಆದ್ದರಿಂದಲೇ ನಾನು ಎಷ್ಟು ಕಲಕಿದರೂ ಅದು ಚೂರಾಯಿತೇ ಹೊರತು ಕರಗಲಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಎರಡು ಗಾಜಿನ ತುಂಡುಗಳನ್ನು ತೆಗೆದುಕೊಂಡು, ಒಂದಕ್ಕೆ ಅಗಸೆ ಎಣ್ಣೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆಯನ್ನು ಬೆರಳಿನಿಂದ ತೆಳ್ಳಗೆ ಸವರಿ ಗಾಳಿಯಾಡುವ ಕಡೆ ಇಡಿ. ಹಲವು ದಿನಗಳಲ್ಲಿ ಅಗಸೆ ಎಣ್ಣೆ ಅಂಟಂಟಾಗಿ, ಕ್ರಮೇಣ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಕಾರಣ, ಅದರಲ್ಲಿ ದ್ವಿಬಂಧಗಳು ತೀರ ಕಡಿಮೆ.

ಈಗ ಡಬ್ಬಿಯ ಲೆಕ್ಕ. 1 ಲೀಟರ್ ಡಬ್ಬಿಯಲ್ಲಿ 200 ಮಿ.ಲೀ. ಬಣ್ಣ ಉಳಿದಿದೆ ಎನ್ನಿ. ಮಿಕ್ಕ 800 ಮಿ.ಲೀ. ಗಾಳಿ. ಅದರಲ್ಲಿ ಸುಮಾರು ಶೇ. 21, ಅಂದರೆ 160 ಮಿ.ಲೀ.ಗೂ ಹೆಚ್ಚು ಆಮ್ಲಜನಕ. ಕೆನೆ ಕಟ್ಟಲು ಅದೇ ಸಾಕು! ಆದ್ದರಿಂದ ಉಳಿದ ಬಣ್ಣವನ್ನು ಕತ್ತಿನವರೆಗೆ ತುಂಬುವಂಥ ಚಿಕ್ಕ ಗಾಜಿನ ಶೀಶೆಗೆ ಸೋಸಿ ಹಾಕಿ, ಬಿಗಿಯಾಗಿ ಮುಚ್ಚಿ, ಹೆಸರು ಬರೆದ ಚೀಟಿ ಅಂಟಿಸಿ. ಕುಡಿಯುವ ಪಾನೀಯದ ಬಾಟಲಿಯನ್ನು ಎಂದೂ ಬಳಸಬೇಡಿ. ಡಬ್ಬಿಯಲ್ಲೇ ಇಡುವುದಾದರೆ ಅಂಚಿನ ಬಣ್ಣವನ್ನು ಒರೆಸಿ, ಮುಚ್ಚಳದ ಮೇಲೆ ಮರದ ತುಂಡಿಟ್ಟು ಸುತ್ತಲೂ ಮೆಲ್ಲನೆ ತಟ್ಟಿ. ಕೆನೆ ಕಟ್ಟಿದ್ದರೆ ಕಲಕದೆ, ಅಂಚು ಬಿಡಿಸಿ ಇಡಿಯಾಗಿ ಎತ್ತಿ ತೆಗೆಯಿರಿ. ಉಳಿದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ.

ಬರೆಯುವಾಗ ಬೇಕಾದಷ್ಟನ್ನೇ ಬಟ್ಟಲಿಗೆ ತೆಗೆದುಕೊಳ್ಳಬೇಕು. ಬಣ್ಣದ ಪುಡಿ ತಳದಲ್ಲಿ ಕೂತಿರುವುದರಿಂದ ಮೊದಲು ಡಬ್ಬಿಯನ್ನು ತಳದಿಂದ ಕಲಕಿ. ಕುಲುಕಿದರೆ ಗುಳ್ಳೆಗಳೇಳುತ್ತವೆ. ಕನ್ನಡದ ಅಕ್ಷರಗಳಲ್ಲಿ ಬಳುಕು ಹೆಚ್ಚು. ಬಣ್ಣ ಗಟ್ಟಿಯಾದರೆ ಬ್ರಷ್ ತಿರುವಿನಲ್ಲಿ ತಡವರಿಸುತ್ತದೆ, ತೆಳುವಾದರೆ ಒತ್ತಕ್ಷರ ಸೋರಿ ಇಳಿಯುತ್ತದೆ. ಟರ್ಪೆಂಟೈನನ್ನು ಕೆಲವೇ ಹನಿಗಳಷ್ಟು ಸೇರಿಸಿ, ಹಳೆಯ ತಗಡಿನ ಮೇಲೆ ಒಂದು ಗೆರೆ ಎಳೆದು ಹದ ನೋಡಿ. ಎರಡು ಬಣ್ಣ ಬೆರೆಸುವಾಗ ತಿಳಿಬಣ್ಣಕ್ಕೆ ಗಾಢ ಬಣ್ಣವನ್ನು ಚೂರುಚೂರೇ ಸೇರಿಸಿ. ಇಡೀ ಬೋರ್ಡಿಗೆ ಬೇಕಾದಷ್ಟನ್ನು ಒಮ್ಮೆಗೇ ಬೆರೆಸಿಕೊಳ್ಳಿ, ಅದೇ ಛಾಯೆ ಮತ್ತೆ ಸಿಗುವುದು ಕಷ್ಟ. ಉಳಿದ ತೆಳು ಬಣ್ಣವನ್ನು ಮೂಲ ಡಬ್ಬಿಗೆ ಮರಳಿ ಸುರಿಯಬಾರದು. ಅದರಲ್ಲಿ ಧೂಳು ಸೇರಿರುತ್ತದೆ, ಆಮ್ಲಜನಕದ ಕೆಲಸವೂ ಆರಂಭವಾಗಿರುತ್ತದೆ.

ಮೂರು ಎಚ್ಚರಿಕೆಗಳು. ಒಂದು, ಟರ್ಪೆಂಟೈನ್ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಗಾಳಿಯಾಡುವ ಜಾಗದಲ್ಲಿ, ಒಲೆ ಬೆಂಕಿಗಳಿಂದ ದೂರ ಕೆಲಸ ಮಾಡಿ. ಎರಡು, ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಅಗಸೆ ಎಣ್ಣೆ ಅಥವಾ ಎನಾಮೆಲ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಶಾಖ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಅವನ್ನು ಬಯಲಲ್ಲಿ ಹರಡಿ ಒಣಗಿಸಿ. ಮೂರು, ಹಳೆಯ ಬೋರ್ಡುಗಳ ಹಳದಿಯಲ್ಲಿ ವಿಷಕಾರಿಯಾದ ಸೀಸದ ಕ್ರೋಮೇಟ್ ಇರಬಹುದು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ನಮ್ಮ ದೇಶದಲ್ಲಿ 2016ರಲ್ಲಿ ಹೊರಡಿಸಲಾಯಿತು. ಅದಕ್ಕೂ ಹಿಂದಿನ ಬೋರ್ಡನ್ನು ಒಣಗಿದ್ದಂತೆಯೇ ಉಜ್ಜಬೇಡಿ, ಆ ಧೂಳು ಉಸಿರಿಗೆ ಸೇರುತ್ತದೆ. ಉಜ್ಜಲೇಬೇಕಾದಾಗ ದೊಡ್ಡವರು ನೀರು ಹಾಕಿ, ತಕ್ಕ ಮುಖವಾಡ ಧರಿಸಿ ಉಜ್ಜಲಿ.

ನಿಮ್ಮೂರಿನಲ್ಲಿ ಬೋರ್ಡು ಬರೆಯುವವರಿದ್ದರೆ ಒಂದು ಸಂಜೆ ಅವರ ಬಳಿ ಕುಳಿತು ನೋಡಿ. ಅವರು ಡಬ್ಬಿ ಮುಚ್ಚುವ ರೀತಿಯಲ್ಲೂ ರಸಾಯನಶಾಸ್ತ್ರವಿದೆ. ಎದ್ದು ಬರುವ ಮೊದಲು ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ನೋಡಿ. ಅದು ನಾನು ಅಂದು ಮಾಡದೆ ಬಿಟ್ಟ ಕೆಲಸ.