ಮುಲ್ಕಿಯಿಂದ ಮುಂಬಯಿಗೆ, ರಂಗದಿಂದ ಕಿರುತೆರೆಗೆ: ಸದಾನಂದ ಸುವರ್ಣರ ದಾರಿ



ಚಲನಚಿತ್ರ ಮತ್ತು ದೂರದರ್ಶನ ಎರಡರಲ್ಲೂ ಹೆಸರು ಮಾಡಿದ ಕನ್ನಡದ ನಿರ್ದೇಶಕರು ಯಾರು ಎಂದು ಕೇಳಿದರೆ ತಮ್ಮ ಬಾಯಿಗೆ ಮೊದಲು ಬರುವ ಹೆಸರು ಶಂಕರ್ ನಾಗ್ ಅವರದು. ಆಗುಂಬೆಯನ್ನು ಮಾಲ್ಗುಡಿಯಾಗಿಸಿ ಇಡೀ ದೇಶಕ್ಕೆ ತೋರಿಸಿದವರು ಅವರು. ಅದು ಸಹಜ. ಆದರೆ ಅದೇ ಕಾಲದಲ್ಲಿ, ನಮ್ಮ ಕರಾವಳಿಯ ಮಣ್ಣಿನವರೇ ಆದ ಇನ್ನೊಬ್ಬರು ರಂಗಭೂಮಿ, ಸಿನಿಮಾ, ದೂರದರ್ಶನ ಎಂಬ ಮೂರು ಮನೆಗಳಲ್ಲೂ ಬಾಳಿದರು. ಅವರೇ ಸದಾನಂದ ಸುವರ್ಣ. ಅವರ ಕೃತಿಗಳನ್ನು ಬಲ್ಲವರು ಬಹಳ ಮಂದಿ. ಆ ಕೃತಿಗಳ ಹಿಂದಿದ್ದ ಮನುಷ್ಯನನ್ನು ಬಲ್ಲವರು ಅದಕ್ಕಿಂತ ಕಡಿಮೆ. ಆ ಅಂತರವನ್ನು ಸ್ವಲ್ಪವಾದರೂ ತುಂಬುವುದು ಈ ಮಾತುಗಳ ಉದ್ದೇಶ.

ಸುವರ್ಣರು ಹುಟ್ಟಿದ್ದು 1931ರಲ್ಲಿ, ಮುಲ್ಕಿಯಲ್ಲಿ. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಶಾಂಭವಿ ನದಿಯ ದಂಡೆಗಿರುವ ಊರು ಅದು. ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬಹುದು. ಅದೇ ಸುಮಾರಿಗೆ ಈ ಕರಾವಳಿಯ ಇನ್ನೊಬ್ಬ ಹಠವಾದಿ, ಶಿವರಾಮ ಕಾರಂತರು, ಕ್ಯಾಮೆರಾ ಹಿಡಿದು ‘ಡೊಮಿಂಗೊ’ ಮತ್ತು ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ಮಾಡುತ್ತಿದ್ದರು. ಮುಂದೆ ಕಾರಂತರ ಬಗ್ಗೆ ಸಾಕ್ಷ್ಯಚಿತ್ರ ತಯಾರಿಸಿದವರಲ್ಲಿ ಸುವರ್ಣರೂ ಒಬ್ಬರು. ತಮಗಿಂತ ಮೊದಲು ಆ ದಾರಿಯಲ್ಲಿ ನಡೆದವರ ಋಣವನ್ನು ಅವರು ಹಾಗೆ ತೀರಿಸಿದರೆನ್ನಬೇಕು.

ಕರಾವಳಿಯ ಅನೇಕರಂತೆ ಸುವರ್ಣರೂ ಮುಂಬಯಿ ಸೇರಿದರು. ಹಿಂದಿನ ತಲೆಮಾರಿನವರಿಗೆ ಮುಂಬಯಿ ಎಂದರೆ ಏನು ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿತ, ಸಂಜೆ ರಾತ್ರಿಶಾಲೆ, ಅದು ಮುಗಿದರೆ ಸಂಘದ ಕೋಣೆಯಲ್ಲಿ ನಾಟಕದ ತಾಲೀಮು. ಊರು ಬಿಟ್ಟು ಬಂದವರಿಗೆ ಊರಿನ ಭಾಷೆಯನ್ನು ಜೋರಾಗಿ ಆಡಲು ಸಿಗುತ್ತಿದ್ದ ಜಾಗವೆಂದರೆ ರಂಗಸ್ಥಳ. ಯಕ್ಷಗಾನವಾಗಲಿ, ತುಳು ನಾಟಕವಾಗಲಿ, ಕನ್ನಡ ನಾಟಕವಾಗಲಿ ಅಲ್ಲಿ ಬೆಳೆದದ್ದು ಈ ಹಂಬಲದಿಂದಲೇ. ಸುವರ್ಣರು ಆ ಹವ್ಯಾಸಿ ರಂಗಭೂಮಿಯಲ್ಲಿ ಬರೆದರು, ಆಡಿಸಿದರು, ನಟರನ್ನು ತಿದ್ದಿದರು. ಕಥೆಗಾರರೂ ಆಗಿದ್ದ ಅವರಿಗೆ ನಾಟಕ ಕಲಿಸಿದ ಪಾಠ ಒಂದಿರಬೇಕು: ಎಂಟು ಗಂಟೆ ದುಡಿದು ದಣಿದು ಬಂದ ಪ್ರೇಕ್ಷಕನನ್ನು ಕುರ್ಚಿಯಲ್ಲಿ ಕೂಡಿಸಬೇಕಾದರೆ ಕಥೆ ಗಟ್ಟಿಯಾಗಿರಬೇಕು, ಮಾತು ಕಿವಿಗೆ ಸಲೀಸಾಗಿ ಇಳಿಯಬೇಕು.

ಸಿನಿಮಾಕ್ಕೆ ಅವರು ಬಂದದ್ದು ನಿರ್ದೇಶಕರಾಗಿ ಅಲ್ಲ, ನಿರ್ಮಾಪಕರಾಗಿ. ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಕಲಿತು ಬಂದಿದ್ದ, ‘ಚೋಮನ ದುಡಿ’ಯಲ್ಲಿ ಬಿ. ವಿ. ಕಾರಂತರಿಗೆ ಸಹಾಯಕರಾಗಿ ದುಡಿದಿದ್ದ ಒಬ್ಬ ತರುಣ ತನ್ನ ಮೊದಲ ಕಥಾಚಿತ್ರಕ್ಕೆ ಸಿದ್ಧನಾಗಿದ್ದ. ಆ ತರುಣ ಗಿರೀಶ ಕಾಸರವಳ್ಳಿ. ಚಿತ್ರ, ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’. ಕಪ್ಪುಬಿಳುಪು ಚಿತ್ರ; ಹೆಸರಾಂತ ತಾರೆಯರಿಲ್ಲ; ವೇದಪಾಠಶಾಲೆಯ ಉಪಾಧ್ಯಾಯರ ವಿಧವೆ ಮಗಳು ಯಮುನಾ ಗರ್ಭಿಣಿಯಾಗುವ, ಊರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಶ್ರಾದ್ಧ ಮಾಡುವ ಕಥೆ. ಅದನ್ನೆಲ್ಲ ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಇಂಥ ಕಥೆಗೆ, ಅದರಲ್ಲೂ ಮೊದಲ ಬಾರಿಗೆ ನಿರ್ದೇಶಿಸುವವರ ಕೈಗೆ ಹಣ ಒಪ್ಪಿಸುವವರು ಎಷ್ಟು ಮಂದಿ ಸಿಕ್ಕಾರು? ಸುವರ್ಣರು ಒಪ್ಪಿಸಿದರು. 1977ರ ಅತ್ಯುತ್ತಮ ಭಾರತೀಯ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೂ, ನಾಣಿಯ ಪಾತ್ರಕ್ಕಾಗಿ ಬಾಲನಟ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ನಿರ್ದೇಶಕನಾಗಬಲ್ಲವನು ಇನ್ನೊಬ್ಬ ನಿರ್ದೇಶಕನ ಹಿಂದೆ ನಿಂತು ದಾರಿ ಬಿಟ್ಟುಕೊಡುವುದು ಸುಲಭದ ಕೆಲಸವಲ್ಲ. ಈ ಗುಣವನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ದೂರದರ್ಶನದ ಮಾತು. 1984ರಲ್ಲಿ ‘ಹಮ್ ಲೋಗ್’ ಬಂದ ಮೇಲೆ ನಮ್ಮ ದೇಶದಲ್ಲಿ ಧಾರಾವಾಹಿಯ ಕಾಲ ಆರಂಭವಾಯಿತು. ಸಿನಿಮಾದಲ್ಲಿ ನುರಿತವರು ಕಿರುತೆರೆಯನ್ನು ಕೀಳೆಂದು ಭಾವಿಸದೆ ಬಂದ ಹೊತ್ತು ಅದು. ಸತ್ಯಜಿತ್ ರಾಯ್ ‘ಸದ್ಗತಿ’ಯನ್ನು, ಗೋವಿಂದ ನಿಹಲಾನಿ ‘ತಮಸ್’ ಅನ್ನು ದೂರದರ್ಶನಕ್ಕಾಗಿ ಮಾಡಿದರು. ಯುರೋಪಿನಲ್ಲಿ ಈ ದಾರಿ ಇನ್ನೂ ಮೊದಲೇ ತೆರೆದಿತ್ತು. ಇಟಲಿಯ ರೊಸೆಲಿನಿ 1960ರ ದಶಕದಲ್ಲೇ ದೂರದರ್ಶನದತ್ತ ತಿರುಗಿದ್ದರು. ಎರ್ಮಾನೊ ಓಲ್ಮಿ ಅಲ್ಲಿನ ಸರ್ಕಾರಿ ದೂರದರ್ಶನದ ಹಣದಿಂದ ರೈತಾಪಿ ಜನರ ಬದುಕಿನ ಚಿತ್ರವೊಂದನ್ನು ತೆಗೆದು 1978ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದರು. ತೆರೆ ಚಿಕ್ಕದಾದರೆ ಕಲೆ ಚಿಕ್ಕದಾಗಬೇಕಿಲ್ಲ ಎಂಬುದನ್ನು ಇವರೆಲ್ಲ ತೋರಿಸಿಕೊಟ್ಟರು.

ಸುವರ್ಣರ ಕೊಡುಗೆ ‘ಗುಡ್ಡದ ಭೂತ’. ತಾವೇ ತುಳುವಿನಲ್ಲಿ ಬರೆದಿದ್ದ ನಾಟಕವನ್ನು ಅವರು ಕನ್ನಡ ಧಾರಾವಾಹಿಯಾಗಿಸಿದರು. 1990ರ ಸುಮಾರಿಗೆ ದೂರದರ್ಶನದಲ್ಲಿ ಅದು ಪ್ರಸಾರವಾಯಿತು. ಗುಡ್ಡದಲ್ಲಿ ಭೂತವಿದೆಯೆಂಬ ನಂಬಿಕೆ, ಆ ನಂಬಿಕೆಯ ಸುತ್ತ ಹೆಣೆದ ನಿಗೂಢ, ಕರಾವಳಿಯ ಹಳ್ಳಿಯೊಂದರ ಹಿನ್ನೆಲೆ, ಪಾಡ್ದನದ ಧಾಟಿ ನೆನಪಿಗೆ ತರುವ ಶೀರ್ಷಿಕೆಗೀತೆ ಇವೆಲ್ಲ ಸೇರಿ ರಾಜ್ಯದ ಉದ್ದಗಲಕ್ಕೂ ಜನರನ್ನು ಹಿಡಿದಿಟ್ಟವು. ಅದರಲ್ಲಿ ನಟಿಸಿದ ರಂಗನಟ ಪ್ರಕಾಶ ರೈ, ಮುಂದೆ ಪ್ರಕಾಶ್ ರಾಜ್ ಎಂಬ ಹೆಸರಿನಲ್ಲಿ ದಕ್ಷಿಣದ ಎಲ್ಲ ಭಾಷೆಗಳಿಗೂ ಪರಿಚಿತರಾದರು.

ಧಾರಾವಾಹಿಯ ಹೆಸರನ್ನೇ ಸ್ವಲ್ಪ ಯೋಚಿಸಿ ನೋಡಿ. ಬೆಂಗಳೂರಿನ ಅಥವಾ ಧಾರವಾಡದ ವೀಕ್ಷಕರಿಗೆ ಭೂತವೆಂದರೆ ದೆವ್ವ, ಪಿಶಾಚಿ. ತುಳುನಾಡಿನವರಾದ ತಮಗೆ ಹಾಗಲ್ಲ. ಇಲ್ಲಿ ಭೂತವೆಂದರೆ ದೈವ. ಅದಕ್ಕೊಂದು ಸ್ಥಾನವುಂಟು, ಕೋಲವುಂಟು, ನುಡಿ ಕೊಡುವ ಮತ್ತು ನ್ಯಾಯ ಹೇಳುವ ಹಕ್ಕುಂಟು. ಅದೇ ಪದ ಒಬ್ಬರಿಗೆ ಹೆದರಿಕೆ, ಇನ್ನೊಬ್ಬರಿಗೆ ಭಯಭಕ್ತಿ. ಈ ಎರಡು ಅರ್ಥಗಳ ನಡುವೆ ಕಥೆಯನ್ನು ನಡೆಸಿಕೊಂಡು ಹೋಗುವ ಧೈರ್ಯ ಒಳಗಿನವನಿಗೆ ಮಾತ್ರ ಬರುವಂಥದು.

ರಂಗಭೂಮಿಯಿಂದ ಬಂದವರಿಗೆ ಕಿರುತೆರೆ ಕೆಲವು ಅನುಕೂಲಗಳನ್ನೂ ಕೆಲವು ಕಟ್ಟುಗಳನ್ನೂ ಒಡ್ಡುತ್ತದೆ. ದೊಡ್ಡ ತೆರೆಯಲ್ಲಿ ಕಾಡು ಗುಡ್ಡಗಳ ವಿಸ್ತಾರವೇ ಭಯ ಹುಟ್ಟಿಸಬಲ್ಲದು. ಮನೆಯ ಪುಟ್ಟ ಪೆಟ್ಟಿಗೆಯಲ್ಲಿ ಅದು ಸಾಗದು. ಅಲ್ಲಿ ಮುಖ ಬೇಕು, ಸದ್ದು ಬೇಕು, ಆಡಿದ ಮಾತಿನ ಜೊತೆ ಆಡದೆ ಉಳಿದ ಮಾತೂ ಬೇಕು. ನಾಟಕದವನು ಕಾಣದ ಭೂತವನ್ನು ಪರದೆಯ ಮರೆಯ ಸದ್ದಿನಿಂದಲೇ ಸೃಷ್ಟಿಸುವುದನ್ನು ಮೊದಲೇ ಕಲಿತಿರುತ್ತಾನೆ. ಇನ್ನು ಕಟ್ಟು ಎಂದರೆ ಕಂತು. ಆ ದಿನಗಳಲ್ಲಿ ದೂರದರ್ಶನದ ಧಾರಾವಾಹಿಗೆ ಹದಿಮೂರು ಕಂತು ಎಂಬುದು ರೂಢಿಯ ಅಳತೆ. ಪ್ರತಿ ವಾರ ಒಂದು ಪ್ರಶ್ನೆಯನ್ನು ಉಳಿಸಿ ಎದ್ದು ಹೋಗಬೇಕು, ಕೊನೆಗೆ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಕಥೆಯನ್ನು ವರ್ಷಗಟ್ಟಲೆ ಎಳೆಯುವ ಚಾಳಿ ಬಂದದ್ದು ಆಮೇಲೆ. ನಿರ್ದೇಶಕನಿಗೆ ಮುಕ್ತಾಯ ಗೊತ್ತಿರುವ ಕಥೆಗೂ, ಅದು ಗೊತ್ತಿಲ್ಲದೆ ನಡೆಯುವ ಕಥೆಗೂ ಇರುವ ವ್ಯತ್ಯಾಸವನ್ನು ತಾವೇ ದಿನವೂ ಕಾಣುತ್ತಿದ್ದೀರಿ.

1992ರಲ್ಲಿ ಸುವರ್ಣರು ‘ಕುಬಿ ಮತ್ತು ಇಯಾಲ’ ಚಿತ್ರವನ್ನು ನಿರ್ದೇಶಿಸಿದರು. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆ ಅದು. ಮಲೆನಾಡಿನ ಹಳ್ಳಿಗೆ ಬಂದ ವೈದ್ಯ ಕುಬಿ, ಇಯಾಲ ಎಂಬ ಹುಡುಗಿಯ ಸಾವಿನ ನಿಜವನ್ನು ತಿಳಿಯಹೊರಡುತ್ತಾನೆ. ಕುಬಿಯಾಗಿ ನಟಿಸಿದವರು ಚಾರುಹಾಸನ್. ಅದೇ ಸಂಕಲನದ ‘ತಬರನ ಕಥೆ’ಯನ್ನು ಕಾಸರವಳ್ಳಿಯವರು ತೆರೆಗೆ ತಂದಾಗ ತಬರನಾಗಿದ್ದವರೂ ಅವರೇ.

ಈ ಮೂರು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಎಳೆ ಕಾಣುತ್ತದೆ. ಯಮುನಾಳನ್ನು ಹೊರಹಾಕುವ ಅಗ್ರಹಾರ, ಗುಡ್ಡದತ್ತ ಕಣ್ಣೆತ್ತಲು ಅಂಜುವ ಊರು, ಹುಡುಗಿಯೊಬ್ಬಳ ಸಾವಿನ ಬಗ್ಗೆ ನಿಜ ಬೇಡವಾದ ಹಳ್ಳಿ. ಮೂರರಲ್ಲೂ ಆಳುವುದು ಭಯ. ಭಯವನ್ನು ಹುಟ್ಟಿಸುವವರಿಗೆ ಅದರಿಂದ ಲಾಭ, ಭಯಪಡುವವರಲ್ಲಿ ತೀರ ದುರ್ಬಲರಾದವರಿಗೆ ಅದರ ಶಿಕ್ಷೆ. ಮೊದಲ ಕೃತಿಗೆ ಅವರು ನಿರ್ಮಾಪಕರು, ಎರಡನೆಯದಕ್ಕೆ ಲೇಖಕರು ಮತ್ತು ನಿರ್ದೇಶಕರು, ಮೂರನೆಯದಕ್ಕೆ ಇನ್ನೊಬ್ಬರ ಕಥೆಯ ನಿರ್ದೇಶಕರು. ಮಾಧ್ಯಮ ಬದಲಾದರೂ ಕೇಳಿದ ಪ್ರಶ್ನೆ ಬದಲಾಗಲಿಲ್ಲ. ಊರಿನ ಭಯದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ಆ ಪ್ರಶ್ನೆ. ಕೃತಿಗಳ ಎಣಿಕೆ ಚಿಕ್ಕದಿರಬಹುದು. ಒಬ್ಬ ಕಲಾವಿದನ ವೃತ್ತಿಜೀವನಕ್ಕೆ ಒಂದು ಬೆನ್ನೆಲುಬು ಇತ್ತೇ ಎಂದು ನೋಡುವುದು ಹೀಗೆ.

ಬದುಕಿನ ಕೊನೆಯ ಭಾಗವನ್ನು ಸುವರ್ಣರು ಮಂಗಳೂರಿನಲ್ಲಿ ಕಳೆದರು. 2024ರ ಜುಲೈಯಲ್ಲಿ, 92ರ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಕೆಲವೇ ವಾರಗಳಲ್ಲಿ, ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಜಗತ್ತಿನ ಅಭಿಜಾತ ಚಿತ್ರಗಳ ಸಾಲಿನಲ್ಲಿ ‘ಘಟಶ್ರಾದ್ಧ’ದ ಹೊಸ ಪ್ರತಿ ಪ್ರದರ್ಶನಗೊಂಡಿತು. 47 ವರ್ಷ ಹಳೆಯ ಕನ್ನಡ ಚಿತ್ರ ಹೀಗೆ ಮರುಹುಟ್ಟು ಪಡೆದದ್ದು ಹೇಗೆ? ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಸಂಸ್ಥೆ ಕೈಜೋಡಿಸಿ ಅದನ್ನು ಜೀರ್ಣೋದ್ಧಾರ ಮಾಡಿದವು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಸೆಯದೆ ಇಟ್ಟುದರ ಫಲ ಅದು.

ಎಲ್ಲ ಕೃತಿಗಳಿಗೂ ಈ ಭಾಗ್ಯವಿಲ್ಲ. ಭಾರತದ ಮೂಕಿಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ನಾಟಕವಂತೂ ಆಡಿದ ರಾತ್ರಿಗೇ ಮುಗಿಯಿತು. ವಿಡಿಯೊ ಟೇಪಿನ ಪಾಡು ಫಿಲ್ಮಿಗಿಂತಲೂ ಕಷ್ಟ: ಟೇಪಿನ ಮೇಲಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಸವೆಯುತ್ತದೆ, ಅದನ್ನು ಓಡಿಸುವ ಯಂತ್ರಗಳು ಮೂಲೆ ಸೇರುತ್ತವೆ. ಅದಕ್ಕೆ ಸರಿಯಾಗಿ ನಮ್ಮ ಕರಾವಳಿಯ ಮಳೆಗಾಲ. ನಾಲ್ಕು ತಿಂಗಳ ತೇವಕ್ಕೆ ಪುಸ್ತಕಕ್ಕೂ ಬೂಸಲು ಹಿಡಿಯುತ್ತದೆ, ಟೇಪಿಗೂ ಹಿಡಿಯುತ್ತದೆ. 2015ರಲ್ಲಿ ‘ರಂಗಿತರಂಗ’ ಚಿತ್ರ ಬಂದಾಗ ಹಲವರು ‘ಗುಡ್ಡದ ಭೂತ’ವನ್ನು ನೆನಪಿಸಿಕೊಂಡರು. ನೆನಪಿಗೆ ಅಷ್ಟು ಆಯುಸ್ಸು ಇದೆ. ಆದರೆ ಧಾರಾವಾಹಿ ನೋಡಿದವರು ಇರುವ ತನಕ ಮಾತ್ರ ಆ ಆಯುಸ್ಸು. ಅನಂತರ ಬರುವವರಿಗೆ ಕೃತಿಯೇ ಬೇಕು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಕರಾವಳಿಯಲ್ಲೂ ಮುಂಬಯಿಯಲ್ಲೂ ಹವ್ಯಾಸಿ ತಂಡಗಳಲ್ಲಿ ಆಡಿದವರು ತಮ್ಮ ಕುಟುಂಬದಲ್ಲಿ ಒಬ್ಬರಾದರೂ ಇರಬಹುದು. ಅವರ ಪೆಟ್ಟಿಗೆಯಲ್ಲಿ ನಾಟಕದ ಹಸ್ತಪ್ರತಿ, ಕರಪತ್ರ, ತಾಲೀಮಿನ ಫೋಟೊ, ಕ್ಯಾಸೆಟ್ಟು ಇದ್ದೀತು. ಅದನ್ನು ಹೊರತೆಗೆದು ಒಣ ಜಾಗದಲ್ಲಿಡಿ. ಫೋಟೊದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಕಂಪ್ಯೂಟರಿಗೆ ಪ್ರತಿ ಮಾಡಿಸಿ, ಒಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ. ಹಾಗೆಯೇ ‘ಘಟಶ್ರಾದ್ಧ’ವನ್ನು ಮಕ್ಕಳ ಜೊತೆ ಕುಳಿತು ಒಮ್ಮೆ ನೋಡಿ. ಚಿತ್ರ ಮುಗಿದ ಮೇಲೆ, ನಿರ್ಮಾಪಕರು ಯಾರು ಎಂದು ಅವರು ಕೇಳಿದರೆ, ಇಲ್ಲೇ ಹತ್ತಿರದ ಮುಲ್ಕಿಯವರು ಎಂದು ಹೇಳಿ.