ಅಂಗಡಿಯ ಕಡತ

ಕ್ಯಾಸನೂರು ಎಂದೊಡನೆ ದೂರದ ಊರಿನವರಿಗೆ ನೆನಪಾಗುವುದು ಒಂದು ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಈ ಊರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರಿಗೂ ಜ್ವರ ತಗುಲಿತು. ಪುಣೆಯ ಸಂಶೋಧಕರು ಬಂದು ಪರೀಕ್ಷಿಸಿದರು. ಕೊನೆಗೆ ಊರಿನ ಹೆಸರೇ ರೋಗದ ಹೆಸರಾಯಿತು. ಇಂದು ನಾನು ಹೇಳಹೊರಟಿರುವುದು ಆ ರೋಗದ ಸಂಗತಿಯಲ್ಲ, ಈ ಸೀಮೆಯ ಸಣ್ಣ ಅಂಗಡಿಗಳ ಸಂಗತಿ. ಆದರೆ ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯಬೇಡಿ. ಆ ಮಾತು ಮುಂದೆ ಬರುತ್ತದೆ.

ನಾನು ಕನ್ನಡ ಪಂಡಿತ. ಅಂಗಡಿಯ ಮಾತನ್ನು ಶಬ್ದದಿಂದಲೇ ಆರಂಭಿಸುವುದು ನನ್ನ ಚಾಳಿ, ಶ್ರೋತೃಗಳು ಸೈರಿಸಬೇಕು. ‘ಕಡತ’ ಎಂದರೆ ಈಗ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಪದರಪದರವಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾದವು. ವರ್ತಕರ ಲೆಕ್ಕವೂ ಇಂಥ ಕಡತದಲ್ಲಿಯೇ ಇರುತ್ತಿತ್ತು. ಕಾಗದ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಬಟ್ಟೆಗೆ ಮಸಿ ಬಳಿದಾದರೂ ಲೆಕ್ಕ ಬರೆದರು. ಈಗ ಕಾಗದ ಬೇಕಾದಷ್ಟಿದೆ, ಬರೆಯುವವರು ಕಡಮೆ.

ಇನ್ನೊಂದು ಶಬ್ದ ‘ಉದ್ರಿ’. ನಮ್ಮ ಸೊರಬ ತಾಲ್ಲೂಕಿನಲ್ಲಿ ಈ ಹೆಸರಿನ ಊರೇ ಉಂಟು. ಶಾಸನಗಳಲ್ಲಿ ಅದು ಉದ್ಧರೆ. ಅಂಗಡಿಯ ಉದ್ರಿಗೂ ಅದಕ್ಕೂ ನಂಟಿಲ್ಲ. ಆದರೆ ಅಂಗಡಿಯಿಟ್ಟ ಹುಡುಗರು ಕೆಲವರು ‘ನಮ್ಮದು ಉದ್ರಿಯ ಅಂಗಡಿ ಸಾರ್’ ಎಂದಾಗ ಯಾವ ಉದ್ರಿ ಎಂದು ಕೇಳಬೇಕಾಗುತ್ತದೆ.

ಉದ್ರಿಯ ಲೆಕ್ಕವನ್ನು ಸ್ವಲ್ಪ ನೋಡೋಣ. ತೊಂಬತ್ತೆರಡು ರೂಪಾಯಿಗೆ ತಂದ ಸಾಮಾನನ್ನು ನೂರು ರೂಪಾಯಿಗೆ ಮಾರಿದರೆ ಎಂಟು ರೂಪಾಯಿ ಉಳಿಯುತ್ತದೆ ಎನ್ನಿ. ಆ ನೂರು ರೂಪಾಯಿ ವಸೂಲಾಗದೆ ಮುಳುಗಿತು. ಹೋದದ್ದು ಎಂಟು ರೂಪಾಯಿಯ ಲಾಭ ಮಾತ್ರವೆ? ಕೈಯಿಂದ ಹಾಕಿದ ತೊಂಬತ್ತೆರಡೂ ಹೋಯಿತು. ಅದನ್ನು ತುಂಬಿಕೊಳ್ಳಲು ಇನ್ನೂ 1,150 ರೂಪಾಯಿಯ ವ್ಯಾಪಾರ ಮಾಡಬೇಕು. ಅದೂ ಲಾಭಕ್ಕಲ್ಲ, ಮೊದಲಿದ್ದಲ್ಲಿಗೆ ಬಂದು ನಿಲ್ಲುವುದಕ್ಕೆ. ನಮ್ಮ ಮಕ್ಕಳು ಎಂಟನೆಯ ತರಗತಿಯಲ್ಲಿಯೇ ಲಾಭನಷ್ಟದ ಲೆಕ್ಕ ಮಾಡುತ್ತಾರೆ. ಅಂಗಡಿಯ ಗಲ್ಲಾದ ಮುಂದೆ ಕುಳಿತಾಗ ಮಾತ್ರ ಅದು ಮರೆತುಹೋಗುತ್ತದೆ.

ಮರೆಯಲು ಕಾರಣ ಆ ಗಲ್ಲಾವೇ. ಸಂಜೆಯ ಹೊತ್ತಿಗೆ ಅದರಲ್ಲಿ ಐದು ಸಾವಿರ ಇದ್ದರೆ ಐದು ಸಾವಿರ ಸಂಪಾದಿಸಿದಂತೆ ತೋರುತ್ತದೆ. ಅದರಲ್ಲಿ ಸಗಟು ವ್ಯಾಪಾರಿಯ ಪಾಲೆಷ್ಟು, ಬಾಡಿಗೆಯೆಷ್ಟು, ವಿದ್ಯುತ್ತಿನದೆಷ್ಟು ಎಂದು ಕಾಣುವುದಿಲ್ಲ. ಮನೆಗೆ ತರಕಾರಿ ಬೇಕೆಂದು ನೂರು, ನೆಂಟರ ಮನೆಯ ಮುಯ್ಯಿಗೆಂದು ಐನೂರು ಕೈ ಹಾಕಿ ತೆಗೆದದ್ದು ಯಾವ ಪುಸ್ತಕಕ್ಕೂ ಏರುವುದಿಲ್ಲ. ಯಜಮಾನನೂ ತನ್ನ ಅಂಗಡಿಯಲ್ಲಿ ತಿಂಗಳ ಸಂಬಳದ ನೌಕರನಂತೆ ಇರಬೇಕು. ಅಕ್ಕಿ ಒಯ್ದರೂ ತನ್ನ ಹೆಸರಿಗೆ ಬರೆಯಬೇಕು. ನನಗೆ ಪರಿಚಿತರಾದ ಒಬ್ಬ ಕಿರಾಣಿಯವರು ಮನೆಗೆ ಒಯ್ದ ಕಡ್ಡಿಪೆಟ್ಟಿಗೆಯನ್ನೂ ಬರೆಯುತ್ತಾರೆ. ಊರವರು ಅವರನ್ನು ಜಿಪುಣರೆನ್ನುತ್ತಾರೆ. ಅವರ ಅಂಗಡಿ ಮಾತ್ರ ಮಗನ ಕಾಲಕ್ಕೂ ನಡೆಯುತ್ತಿದೆ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಹಣ ಇಲ್ಲಿ ತಿಂಗಳುತಿಂಗಳು ಬರುವುದಿಲ್ಲ. ಅಡಿಕೆಯ ಕೊಯ್ಲು, ಭತ್ತದ ಕೊಯ್ಲು ಮುಗಿದ ಮೇಲೆ ಬರುತ್ತದೆ. ಮಳೆಗಾಲವೆಲ್ಲ ಗಿರಾಕಿಯ ಹೆಸರಿನ ಪುಟ ಬೆಳೆಯುತ್ತದೆ. ಆದರೆ ಪೇಟೆಯ ಸಗಟು ವ್ಯಾಪಾರಿ ಸುಗ್ಗಿಯವರೆಗೆ ಕಾಯುವವನಲ್ಲ. ಇನ್ನು ಮಂಗನ ಕಾಯಿಲೆಯ ಮಾತು. ಉಣುಗು ಕಚ್ಚುವುದರಿಂದ ಹರಡುವ ಆ ಜ್ವರ ಹೆಚ್ಚಾಗಿ ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸೌದೆಗೆ, ಸೊಪ್ಪಿಗೆ, ಕೂಲಿಗೆ ಜನ ಕಾಡಿಗೆ ಹೋಗುವ ಕಾಲವೂ ಅದೇ. ಸುದ್ದಿ ಹಬ್ಬಿದರೆ ಕೂಲಿ ನಿಂತಿತು. ಕೂಲಿ ನಿಂತರೆ ಅಂಗಡಿಯ ವ್ಯಾಪಾರವೂ ನಿಂತಿತು. ಹಳೆಯ ಬಾಕಿ ಬರಬೇಕಾದ ಕಾಲದಲ್ಲಿಯೇ ಹೊಸ ಬಾಕಿ ಏರುತ್ತದೆ. ಎರಡು ತಿಂಗಳ ಖರ್ಚನ್ನು ಬೇರೆ ತೆಗೆದಿಡದ ಅಂಗಡಿ ಇಂಥ ವರ್ಷವನ್ನು ದಾಟುವುದು ಕಷ್ಟ.

ದೊಡ್ಡ ಪಟ್ಟಣದ ಒಂದು ನಿದರ್ಶನ ಕೊಡುತ್ತೇನೆ. ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅವರು ರವೆಯಲ್ಲಿ ಇಡ್ಲಿ ಮಾಡಿದರೆಂದು ಹೇಳುತ್ತಾರೆ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸರ್ಕಾರ ತಿಂಡಿಯ ದರವನ್ನು ಬಹಳ ಇಳಿಸಿತು. ಅವರು ತುಪ್ಪ, ಬೇಳೆ ಕಡಮೆ ಮಾಡದೆ ಆ ದರಕ್ಕೇ ಬಡಿಸಿದರು. ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೂಗುಹಾಕಿದರು ಎಂಬುದು ಪ್ರಸಿದ್ಧ ಕಥೆ. ಕಡೆಗೆ ಹೋಟೆಲನ್ನು ಕೆಲವು ವರ್ಷ ಮುಚ್ಚಿ, ಪುಡಿಗಳನ್ನೂ ಸಿದ್ಧ ತಿಂಡಿಯ ಪೊಟ್ಟಣಗಳನ್ನೂ ಮಾರಲು ತೊಡಗಿದರು. ನಿನ್ನೆ ಎಷ್ಟು ಹೋಯಿತೆಂದು ಇಂದು ತಿಳಿದವರಿಗೆ ಮಾತ್ರ ಯಾವ ದಿನ ನಿಲ್ಲಿಸಬೇಕೆಂಬುದು ತಿಳಿದೀತು.

ಈಗ ಸಣ್ಣ ಅಂಗಡಿಯಲ್ಲಿಯೂ ಹಣ ಮೊಬೈಲಿನಿಂದ ಬರುತ್ತದೆ. ಇಷ್ಟು ರೂಪಾಯಿ ಬಂತೆಂದು ಒಂದು ಪೆಟ್ಟಿಗೆ ಗಟ್ಟಿಯಾಗಿ ಕೂಗುತ್ತದೆ. ಒಳ್ಳೆಯದೇ. ಆದರೆ ಆ ಪೆಟ್ಟಿಗೆ ಬಂದದ್ದನ್ನು ಕೂಗುತ್ತದೆ, ಕೊಡಬೇಕಾದದ್ದನ್ನು ಕೂಗುವುದಿಲ್ಲ.

‘ಇಷ್ಟು ಕಟ್ಟುನಿಟ್ಟಾದರೆ ಜ್ವರ ಬಂದವರ ಮನೆಗೆ ಅಕ್ಕಿ ಕೊಡಬಾರದೆ?’ ಎಂದು ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದಳು. ಅವಳ ತಂದೆಯದೂ ಅಂಗಡಿಯೇ. ನಾನು ಬಳ್ಳಿಗಾವೆಯ ಮಾತು ಹೇಳಿದೆ. ಶಿಕಾರಿಪುರ ತಾಲ್ಲೂಕಿನ ಆ ಊರು ಚಾಲುಕ್ಯರ ಕಾಲದಲ್ಲಿ ದೊಡ್ಡ ವ್ಯಾಪಾರದ ಪಟ್ಟಣ. ಕನ್ನಡನಾಡಿನ ಅಂದಿನ ವರ್ತಕರ ದಾನಶಾಸನಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ಅಳೆದು ಗೊತ್ತುಮಾಡಿ, ಕಲ್ಲಿನಲ್ಲಿ ಬರೆಸಿ ಕೊಟ್ಟರು. ಹಾಗೆಯೇ ನಿನ್ನ ತಂದೆಯೂ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಕೊಡಲಿ. ಅದನ್ನು ಉದ್ರಿಯ ಪುಟದಲ್ಲಿ ಬರೆಯದೆ ಧರ್ಮದ ಪುಟದಲ್ಲಿ ಬರೆಯಲಿ ಎಂದೆ.

ಮರುವಾರ ಅವಳು ಹೇಳಿದಳು: ತಂದೆ ಪುಟವನ್ನೇನೋ ತೆರೆದಿದ್ದಾರೆ, ಅದನ್ನು ಬರೆಯುವ ಕೆಲಸ ಮಾತ್ರ ಅವಳ ಪಾಲಿಗೆ ಬಂದಿದೆಯಂತೆ.