ಪಠ್ಯೇತರ ಚಟುವಟಿಕೆಗಳ ಪಟ್ಟಿ: ಕಿರ್ದಿಯಲ್ಲಿ ಇಲ್ಲದ್ದು ಅಢಾವೆಯಲ್ಲಿ ಬರಬಾರದು



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಹನ್ನೆರಡನೆಯ ತರಗತಿಯನ್ನು ಸಮೀಪಿಸುತ್ತಿರುವ ಮಕ್ಕಳಿದ್ದರೆ, ಅಂಕಗಳ ಹಳೆಯ ಚಿಂತೆಯ ಜೊತೆಗೆ ಈಗ ಹೊಸದೊಂದು ಚಿಂತೆಯೂ ಸೇರಿಕೊಂಡಿದೆ. ಅದು ಪಠ್ಯೇತರ ಚಟುವಟಿಕೆಗಳ ಪಟ್ಟಿಯ ಚಿಂತೆ. ಪಟ್ಟಿ ತುಂಬಿಸಬೇಕೆಂಬ ಆತುರದಲ್ಲಿ ಹಣ ತೆತ್ತು ಎರಡು ವಾರದ ‘ಸಂಶೋಧನಾ ಶಿಬಿರ’ ಸೇರುವವರಿದ್ದಾರೆ. ಒಂದೇ ದಿನ ನಡೆದ ಸೇವಾಕಾರ್ಯಕ್ಕೆ ಮಗನನ್ನು ‘ಸಂಸ್ಥಾಪಕ ಅಧ್ಯಕ್ಷ’ನನ್ನಾಗಿ ಮಾಡುವವರೂ ಇದ್ದಾರೆ. ಅದೇ ಮನೆಯ ಮಗು ನಿಜವಾಗಿ ವರ್ಷಗಟ್ಟಲೆ ಮಾಡಿದ ಕೆಲಸ ಮಾತ್ರ ಆ ಪಟ್ಟಿಗೆ ಬರುವುದೇ ಇಲ್ಲ. ಇಂದಿನ ಮಾತು ಈ ವಿಪರ್ಯಾಸವನ್ನು ಕುರಿತದ್ದು.

ಮೊದಲು ನಿರ್ಧರಿಸಬೇಕಾದುದು, ಯಾವ ಬಾಗಿಲನ್ನು ತಟ್ಟುವುದು ಎಂಬುದನ್ನು. ಎಂಜಿನಿಯರಿಂಗಿನ ಜೆಇಇ, ವೈದ್ಯಕೀಯದ ನೀಟ್ ಪರೀಕ್ಷೆಗಳ ಮೂಲಕ ಸೀಟು ಬಯಸುವವರಿಗೆ ಸಾಮಾನ್ಯವಾಗಿ ಈ ಪಟ್ಟಿಯಿಂದ ಪ್ರಯೋಜನವಿಲ್ಲ. ಅಲ್ಲಿ ಪರೀಕ್ಷೆಯ ಅಂಕವೇ ನಿರ್ಣಾಯಕ. ಅಪವಾದಗಳು ಇತ್ತೀಚಿನವು. ಮದರಾಸಿನ ಐಐಟಿ 2024ರಿಂದ ಕ್ರೀಡಾ ಸಾಧಕರಿಗೂ ಅದರ ಮರುವರ್ಷದಿಂದ ಲಲಿತಕಲೆಯ ಸಾಧಕರಿಗೂ ಹೆಚ್ಚುವರಿ ಸ್ಥಾನಗಳನ್ನು ತೆರೆಯಿತು. ಆದರೆ ಅಲ್ಲಿಯೂ ಜೆಇಇ ಅಡ್ವಾನ್ಸ್‌ಡ್‌ನ ಅರ್ಹತೆ ಬೇಕೇ ಬೇಕು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಕಲೆ ಮತ್ತು ಕ್ರೀಡೆಗಳಿಗೆ ಪ್ರತ್ಯೇಕ ಸ್ಥಾನಗಳಿವೆ. ಅಲ್ಲಿ ಪ್ರಮಾಣಪತ್ರದ ಜೊತೆಗೆ ಎದುರಿನಲ್ಲಿ ಹಾಡಿ, ಆಡಿ ತೋರಿಸಬೇಕಾಗುತ್ತದೆ. ಮಹಾರಾಷ್ಟ್ರದ ಹತ್ತನೆಯ ತರಗತಿಯ ಮಂಡಳಿಯು ಕ್ರೀಡೆ, ಶಾಸ್ತ್ರೀಯ ಕಲೆ ಮತ್ತು ಸರಕಾರಿ ಚಿತ್ರಕಲಾ ಪರೀಕ್ಷೆಗಳಿಗೆ ಹೆಚ್ಚುವರಿ ಅಂಕಗಳನ್ನು ನೀಡುತ್ತದೆ. ಅದಕ್ಕೆ ಶಾಲೆಯ ಮೂಲಕ ಸಕಾಲದಲ್ಲಿ ಪ್ರಸ್ತಾವ ಹೋಗಿರಬೇಕು. ಹೀಗಿರುವಾಗ, ಪಟ್ಟಿಯನ್ನು ನೋಡದ ಕಾಲೇಜಿಗಾಗಿ ಪಟ್ಟಿಯ ಮೇಲೆ ಹಣ ಸುರಿಯುವುದು ಶುದ್ಧ ನಷ್ಟದ ಬಾಬತ್ತು.

ಪಟ್ಟಿಯನ್ನು ನಿಜವಾಗಿ ಓದುವವರು ಅಮೆರಿಕದ ವಿಶ್ವವಿದ್ಯಾನಿಲಯಗಳು ಮತ್ತು ನಮ್ಮ ದೇಶದ ಕೆಲವು ಖಾಸಗಿ ವಿಶ್ವವಿದ್ಯಾನಿಲಯಗಳು. ಅಮೆರಿಕದ ಅನೇಕ ಕಾಲೇಜುಗಳು ಸ್ವೀಕರಿಸುವ ‘ಕಾಮನ್ ಆಪ್’ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳಿಗೆ ಅವಕಾಶವಿದೆ. ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರಗಳು ಮಾತ್ರ. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನು ಹೇಳಬೇಕು. ಬ್ರಿಟನ್ನಿನ ‘ಯುಕಾಸ್’ ಅರ್ಜಿಯ ಕ್ರಮ ಬೇರೆ. 2026ರ ಪ್ರವೇಶದಿಂದ ಅಲ್ಲಿ ಮೂರು ಪ್ರಶ್ನೆಗಳಿಗೆ ಒಟ್ಟು 4000 ಅಕ್ಷರಗಳಲ್ಲಿ ಉತ್ತರಿಸಬೇಕು. ಓದಲಿರುವ ವಿಷಯಕ್ಕೆ ಸಿದ್ಧವಾಗಲು ತರಗತಿಯ ಹೊರಗೆ ಏನು ಮಾಡಿದಿರಿ ಎಂಬುದು ಅವುಗಳಲ್ಲೊಂದು.

ಕಾಮನ್ ಆಪ್ ಕೇಳುವ ಗಂಟೆಗಳ ಲೆಕ್ಕದಲ್ಲಿಯೇ ಎಷ್ಟೋ ಪಟ್ಟಿಗಳು ಸಿಕ್ಕಿಬೀಳುತ್ತವೆ. ವಾರಕ್ಕೆ ಇರುವುದು 168 ಗಂಟೆ. ಡೊಂಬಿವಲಿಯಿಂದ ಮುಂಬಯಿಯ ಕಾಲೇಜಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿನಿಯನ್ನು ಉದಾಹರಣೆಗೆಂದು ಊಹಿಸಿಕೊಳ್ಳಬಹುದು. ನಿದ್ರೆಗೆ 56, ಕಾಲೇಜು ಮತ್ತು ಕೋಚಿಂಗ್ ತರಗತಿಗೆ 48, ಲೋಕಲ್ ಗಾಡಿಯ ಪ್ರಯಾಣಕ್ಕೆ 15, ಓದು, ಊಟ, ಸ್ನಾನಗಳಿಗೆ 30 ಗಂಟೆ ಕಳೆದರೆ ಉಳಿಯುವುದು 19. ಅವಳ ಪಟ್ಟಿಯ ಗಂಟೆಗಳ ಮೊತ್ತ 45 ಆಗಿದ್ದರೆ, ಓದುವವರು ಬೇರೆ ಯಾವ ರುಜುವಾತನ್ನೂ ಕೇಳಬೇಕಾಗಿಲ್ಲ.

ಆದುದರಿಂದ ಪಟ್ಟಿ ಸಿದ್ಧವಾಗಬೇಕಾದುದು ಅರ್ಜಿಯ ತಿಂಗಳಿನಲ್ಲಿ ಅಲ್ಲ. ವ್ಯಾಪಾರದಲ್ಲಿ ಮೊದಲು ಕಿರ್ದಿ, ಆಮೇಲೆ ಖಾತೆ, ವರ್ಷದ ಕೊನೆಗೆ ಅಢಾವೆ. ಕಿರ್ದಿಯಿಲ್ಲದೆ ಅಢಾವೆ ಬರೆಯುವವನು ನೆನಪನ್ನೋ ಕಲ್ಪನೆಯನ್ನೋ ಅವಲಂಬಿಸಬೇಕಾಗುತ್ತದೆ. ಒಂಬತ್ತನೆಯ ತರಗತಿಯಿಂದಲೇ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಕೆಲಸ, ಗಂಟೆ, ಅದನ್ನು ಕಂಡವರ ಹೆಸರು ಎಂಬ ನಾಲ್ಕು ಅಂಕಣಗಳನ್ನು ಬರೆದಿಟ್ಟರೆ ಸಾಕು. ಮುಂದೆ ಅದರಿಂದ ಆಯ್ದುಕೊಳ್ಳುವುದಷ್ಟೇ ಕೆಲಸ. ‘ಸಮಾಜಸೇವೆಯಲ್ಲಿ ಆಸಕ್ತಿಯಿಂದ ಪಾಲ್ಗೊಂಡು ನಾಯಕತ್ವದ ಗುಣ ಬೆಳೆಸಿಕೊಂಡದ್ದು’ ಎಂಬ ಸಾಲು ಯಾರ ಹೆಸರಿಗಾದರೂ ಹೊಂದುತ್ತದೆ. ‘ಐದನೆಯ ತರಗತಿಯ 6 ಮಕ್ಕಳಿಗೆ ಪ್ರತಿ ಭಾನುವಾರ ಗಣಿತ ಪಾಠ, 2 ವರ್ಷ’ ಎಂಬ ಸಾಲು ಒಬ್ಬರಿಗೆ ಮಾತ್ರ ಹೊಂದುತ್ತದೆ. ಮೊದಲ ಸಾಲಿನಲ್ಲಿ ವಿಶೇಷಣಗಳಿವೆ, ಎರಡನೆಯದರಲ್ಲಿ ಸಂಗತಿಯಿದೆ.

ಇನ್ನು ಪಟ್ಟಿಗೆ ಬಾರದೆ ಉಳಿಯುವ ಕೆಲಸಗಳ ಮಾತು. ತಂದೆಯ ಅಂಗಡಿಯಲ್ಲಿ ಸಂಜೆ ಕುಳಿತು ಜಿಎಸ್‌ಟಿ ಬಿಲ್ಲುಗಳನ್ನು ಹೊಂದಿಸಿಡುವ ಹುಡುಗನಿದ್ದಾನೆ. ಮರಾಠಿ ಬಾರದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಹುಡುಗಿಯಿದ್ದಾಳೆ. ತಾಯಿ ನೌಕರಿಯಿಂದ ಮರಳುವವರೆಗೆ ತಮ್ಮನನ್ನು ನೋಡಿಕೊಂಡು ಅಡುಗೆಗೆ ಅಣಿಮಾಡುವವರಿದ್ದಾರೆ. ‘ಇದು ಮನೆಗೆಲಸ, ಇದನ್ನೇನು ಬರೆಯುವುದು’ ಎಂದು ಹಿರಿಯರೇ ಅದನ್ನು ಹೊಡೆದುಹಾಕುತ್ತಾರೆ. ಆದರೆ ಕಾಮನ್ ಆಪ್ ಕೊಡುವ ಚಟುವಟಿಕೆಗಳ ವರ್ಗೀಕರಣದಲ್ಲಿ ‘ಕುಟುಂಬದ ಜವಾಬ್ದಾರಿಗಳು’ ಮತ್ತು ‘ವೇತನದ ಕೆಲಸ’ ಎಂಬ ಶೀರ್ಷಿಕೆಗಳು ಸ್ಪಷ್ಟವಾಗಿಯೇ ಇವೆ. ದುಬಾರಿ ಶಿಬಿರಗಳಿಗೆ ಹೋಗಲಾಗದ ಮಕ್ಕಳ ದುಡಿಮೆಗೂ ಅಲ್ಲಿ ಸ್ಥಾನವಿದೆ. ಆ ಸ್ಥಾನವನ್ನು ನಾಚಿಕೆಯಿಂದ ಖಾಲಿ ಬಿಟ್ಟು, ಕೊಂಡು ತಂದ ಪ್ರಮಾಣಪತ್ರವನ್ನು ಪಕ್ಕದಲ್ಲಿ ಇಡುವುದು ಮಗುವಿಗೆ ಮಾಡುವ ಅನ್ಯಾಯ. ನಿಜವಾಗಿ ದುಡಿದದ್ದಕ್ಕೆ ಬೆಲೆಯಿಲ್ಲ ಎಂಬ ಪಾಠವನ್ನು ಮಗು ಮನೆಯಲ್ಲಿಯೇ ಕಲಿಯುತ್ತದೆ.

ಹೊರಗಿನ ಕೆಲಸ ಬೇಕೆನ್ನುವವರಿಗೂ ಈ ಪ್ರದೇಶದಲ್ಲಿ ಕೊರತೆಯಿಲ್ಲ. ಠಾಣೆ ಖಾರಿಯ ಫ್ಲೆಮಿಂಗೊ ಅಭಯಾರಣ್ಯವು 2022ರಲ್ಲಿ ರಾಮ್ಸರ್ ತಾಣವಾಯಿತು. ಐರೋಲಿಯಿಂದ ಅದನ್ನು ಋತು ಋತುವಿಗೂ ನೋಡಿ ಹಕ್ಕಿಗಳ ದಾಖಲೆ ಇಡಲು ದುಬಾರಿ ಶುಲ್ಕ ಬೇಡ, ಸಹನೆ ಬೇಕು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ನಿಗದಿಯಾಗಿದೆ. ಡೊಂಬಿವಲಿಯಂಥ ಊರುಗಳ ಕನ್ನಡ ಸಂಘಗಳಲ್ಲಿ ಪುಸ್ತಕಗಳ ಪಟ್ಟಿ ಮಾಡುವುದು, ಯಕ್ಷಗಾನದ ಮೇಳಕ್ಕೆ ಚೆಂಡೆ ನುಡಿಸುವುದು, ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದು, ಎಲ್ಲವೂ ಎಣಿಕೆಗೆ ಬರುವ ಕೆಲಸಗಳೇ. ಹತ್ತು ಕಡೆ ತಲೆ ತೋರಿಸುವುದಕ್ಕಿಂತ ಎರಡು ಕಡೆ ಮೂರು ವರ್ಷ ನಿಲ್ಲುವುದು ಮೇಲು.

ಸುಳ್ಳು ಪಟ್ಟಿ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಅಮೆರಿಕದ ಒಂದು ಪ್ರಕರಣವೇ ಸಾಕ್ಷಿ. 2019ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿನ ತನಿಖಾಧಿಕಾರಿಗಳು ಬಯಲಿಗೆಳೆದ ಆ ಹಗರಣದಲ್ಲಿ, ಆಟವನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ ಪ್ರತಿಷ್ಠಿತ ವಿಶ್ವವಿದ್ಯಾನಿಲಯಗಳಿಗೆ ಸೇರಿಸಲಾಗಿತ್ತು. ಸೂತ್ರಧಾರ ವಿಲಿಯಂ ಸಿಂಗರನಿಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷಗಳ ಸೆರೆಯಾಯಿತು. ಹಲವು ತಾಯಿತಂದೆಯರೂ ಸೆರೆಮನೆ ಕಂಡರು. ಗಮನಿಸಬೇಕಾದ ಸಂಗತಿಯೆಂದರೆ, ಲಂಚದ ಹಣ ಹರಿದದ್ದು ಒಂದು ಧರ್ಮಾರ್ಥ ಸಂಸ್ಥೆಯ ಮೂಲಕ, ‘ದಾನ’ ಎಂಬ ಹೆಸರಿನಲ್ಲಿ.

ದಾನ ಮತ್ತು ಸೇವೆಗಳ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ಈ ಸಂಗತಿಯನ್ನು ಮರೆಯಬಾರದು. ಪರಿಚಯದವರ ಮಗನೆಂಬ ದಾಕ್ಷಿಣ್ಯಕ್ಕೆ, ದೊಡ್ಡ ದಾನಿಯ ಮೊಮ್ಮಗಳೆಂಬ ಸಂಕೋಚಕ್ಕೆ, ಒಂದು ದಿನ ಬಂದು ಭಾವಚಿತ್ರ ತೆಗೆಸಿಕೊಂಡವರಿಗೆ ‘ಎರಡು ವರ್ಷ ಸೇವೆ ಸಲ್ಲಿಸಿದ್ದಾರೆ’ ಎಂದು ಬರೆದುಕೊಡುವ ಕಾರ್ಯದರ್ಶಿ, ಕೆಲಸ ನಡೆಯದೆ ಹಣ ಪಾವತಿಯಾಗಿದೆ ಎಂಬ ರಸೀತಿಗೆ ಸಹಿ ಹಾಕಿದವನಿಗೆ ಸಮಾನ. ಅವನ ಸಹಿಯಿಂದ ನಷ್ಟಕ್ಕೆ ಒಳಗಾಗುವವರು ನಿಜವಾಗಿ ಎರಡು ವರ್ಷ ಬಂದ ಮಕ್ಕಳು. ಏಕೆಂದರೆ ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ಕಾಗದ.

ಇದಕ್ಕೆ ಪರಿಹಾರ ಸುಲಭವಾದುದು, ಹೆಚ್ಚು ಖರ್ಚಿಲ್ಲದ್ದು. ಸೇವೆಗೆ ಬರುವ ವಿದ್ಯಾರ್ಥಿಗಳಿಗಾಗಿ ಪ್ರತಿಯೊಂದು ಸಂಘವೂ ಒಂದು ಹಾಜರಿ ಪುಸ್ತಕ ಇಡಲಿ. ಬಂದ ದಿನ, ಬಂದ ವೇಳೆ, ಹೊರಟ ವೇಳೆ, ಮಾಡಿದ ಕೆಲಸಗಳನ್ನು ವಿದ್ಯಾರ್ಥಿಯೇ ಬರೆದು ಸಹಿ ಮಾಡಲಿ. ಅಂದಿನ ಹೊಣೆ ಹೊತ್ತವರು ಅದರ ಕೆಳಗೆ ಸಹಿ ಮಾಡಲಿ. ಪ್ರಮಾಣಪತ್ರದಲ್ಲಿ ಆ ಪುಸ್ತಕದ ಪುಟಸಂಖ್ಯೆಯನ್ನು ನಮೂದಿಸಲಿ. ಪುಸ್ತಕದಲ್ಲಿ ಹೆಸರಿಲ್ಲದವರಿಗೆ, ಅವರು ಯಾರ ಮಕ್ಕಳೇ ಆಗಿರಲಿ, ಪ್ರಮಾಣಪತ್ರವಿಲ್ಲ ಎಂದು ಮುಂದಿನ ವಾರ್ಷಿಕ ಮಹಾಸಭೆಯಲ್ಲಿಯೇ ನಿರ್ಣಯವಾಗಲಿ. ನೂರು ಪುಟದ ಒಂದು ಪುಸ್ತಕವನ್ನು ನಾಳೆಯೇ ಕೊಳ್ಳಬಹುದು.